ವಸಂತಲಕ್ಷ್ಮಿ ಎಂದು ಹೆಸರಿಟ್ಟವಳು ನಾನೇ

ಮಿಲ್ ಕ್ರೀಕ್
ಭಾನುವಾರ, 20 ಅಕ್ಟೋಬರ್ 2024

ಅಚ್ಯುತ ಅವರಿಗೆ,

ಕಮಲಾಕ್ಷಿಯ ನಮಸ್ಕಾರ. ನಿಮ್ಮ ಹೆಸರನ್ನು ಹೀಗೆ ನೇರವಾಗಿ ಬರೆದೆ ಅಂತ ಹುಬ್ಬೇರಿಸಬೇಡಿ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಮದುವೆಯಾದ ಹೊಸದರಲ್ಲಿ ನಿಮ್ಮಮ್ಮ ಹೇಳಿಕೊಟ್ಟಿದ್ದರು. ನೀವು ನನ್ನನ್ನೂ ಮಗಳು ಮೈತ್ರಿಯನ್ನೂ ಇಲ್ಲಿ ಪರದೇಶದಲ್ಲಿ ಬಿಟ್ಟು ಮೈಸೂರಿಗೆ ಹೋಗಿ ನೆಲೆಸಿದ ಮೇಲೂ ನಾನು ಅದನ್ನು ಪಾಲಿಸಿಕೊಂಡೇ ಬಂದೆ. ಬಾಥೆಲ್ ದೇವಸ್ಥಾನದಲ್ಲಿ ಅರ್ಚನೆಗೆ ಯಜಮಾನರ ಹೆಸರು ಕೇಳಿದರೆ ಮೈತ್ರಿ ಕೈಯಲ್ಲಿ ಹೇಳಿಸುತ್ತಿದ್ದೆ. ನಿನ್ನೆಯಿಂದ ಆ ಅಭ್ಯಾಸ ಬಿಟ್ಟಿದ್ದೇನೆ. ನಿಮ್ಮ ಆಯಸ್ಸು ಗಟ್ಟಿಯಾಗಿದೆ, ಹೆದರಬೇಡಿ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂಜೆ ಬಾಥೆಲ್‌ನ ಒಂದು ಸ್ಕೂಲಿನ ಆಡಿಟೋರಿಯಂನಲ್ಲಿ ಇಲ್ಲಿಯ ಕನ್ನಡ ಸಂಘದವರು ನಿಮ್ಮ ಕಾದಂಬರಿಯನ್ನು ನಾಟಕ ಮಾಡಿ ಆಡಿದರು. ನೀವು ಬೇಡವೆಂದ ಹೆಸರು ರಂಗದ ಮೇಲೆ ಬಂತು. ಕೊನೆಯ ಸಾಲಿನವರಿಗೂ ಕೇಳುವಂತೆ ಬಂತು. ಇದೆಲ್ಲ ಭಾವನಾ ಮಾಡಿದ್ದು ಅಂದುಕೊಂಡು ನೀವು ಆ ಹುಡುಗಿಗೆ ಇನ್ನೊಂದು ಈಮೇಲ್ ಬರೆಯುವ ಮುಂಚೆ ಈ ಪತ್ರ ನಿಮ್ಮನ್ನು ಮುಟ್ಟಲಿ ಅಂತ ಬೆಳಗ್ಗೆ ಕಾಫಿ ಕುಡಿದವಳೇ ಬರೆಯಲು ಕೂತಿದ್ದೇನೆ. ಹೆಸರಿಟ್ಟವಳು ನಾನು. ರಂಗದ ಮೇಲೆ ಅದನ್ನು ಹೇಳಿಸಿದವಳೂ ನಾನು.

ಭಾವನಾ ನಿಮ್ಮ ಮೈಸೂರಿನವಳೇ. ಈಸ್ಟ್‌ಗೇಟ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಮನಸ್ಸೆಲ್ಲ ನಾಟಕದಲ್ಲಿ. ಕಾಲೇಜಿನಲ್ಲಿ ನಿಮ್ಮ ಕಾದಂಬರಿ ಅವಳಿಗೆ ಪಠ್ಯವಾಗಿತ್ತಂತೆ. ನಿಮಗೆ ಫೋನ್ ಮಾಡಿ ಒಪ್ಪಿಗೆ ಕೇಳಿದಾಗ ನೀವು ಸಂತೋಷದಿಂದ ಕೊಟ್ಟಿರಿ. ನಾನು ಇಲ್ಲೇ ಮಿಲ್ ಕ್ರೀಕ್‌ನಲ್ಲಿದ್ದೇನೆ ಎಂದು ಮಾತ್ರ ಹೇಳಲಿಲ್ಲ. ಅದು ಅವಳಿಗೆ ಸಂಘದವರಿಂದ ಗೊತ್ತಾಯಿತು. ಒಂದು ಶನಿವಾರ ಹಣ್ಣು ಹಿಡಿದುಕೊಂಡು ಮನೆಗೆ ಬಂದಳು. ಸೋಫಾದ ತುದಿಯಲ್ಲಿ ಕೂತು, ದನಿ ತಗ್ಗಿಸಿ, ಕಾದಂಬರಿಯ ಆ ಹೆಂಡತಿ ನೀವೇನಾ ಆಂಟಿ ಎಂದು ಕೇಳಿದಳು.

ನನಗೆ ಆ ಪ್ರಶ್ನೆ ಹೊಸದಲ್ಲ. ಪುಸ್ತಕ ಬಂದಾಗಿನಿಂದ ಕೇಳುತ್ತಲೇ ಇದ್ದೇನೆ. ಯುಗಾದಿ ಊಟದಲ್ಲಿ ಯಾರೋ ಬಂದು ಕೈ ಹಿಡಿದುಕೊಂಡು, ಈಗ ಹೇಗಿದೀರಿ ಅನ್ನುತ್ತಾರೆ. ಹೊಸದಾಗಿ ಬಂದವರಿಗೆ ನನ್ನನ್ನು ಪರಿಚಯಿಸುವಾಗ ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟುತ್ತಾರೆ. ನಾನು ಲ್ಯಾಬಿನಲ್ಲಿ ದುಡಿದದ್ದು, ಮನೆಯ ಸಾಲ ತೀರಿಸಿದ್ದು, ಮಗಳನ್ನು ಓದಿಸಿದ್ದು ಇದ್ಯಾವುದೂ ಅವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಕಿಟಕಿಯ ಹತ್ತಿರ ನಿಂತು ಬೂದು ಬಣ್ಣದ ಆಕಾಶ ನೋಡುವ, ಮಾತೇ ಆಡದ, ಕೊನೆಗೊಂದು ಬೆಳಗ್ಗೆ ಕೆರೆಯ ದಡದಲ್ಲಿ ಚಪ್ಪಲಿ ಬಿಟ್ಟು ನೀರಿಗಿಳಿದು ವಾಪಸ್ ಬಾರದ ಹೆಂಗಸು.

ನಿಮ್ಮ ಕಥೆಯನ್ನು ನಿಮಗೇ ಹೇಳಬೇಕಾಗಿಲ್ಲ, ಆದರೂ ನನ್ನ ಬಾಯಿಂದ ಒಂದು ಸಲ ಕೇಳಿ. ವಿಮಾನ ಕಾರ್ಖಾನೆಯ ಎಂಜಿನಿಯರ್ ಪ್ರತಾಪ. ಅವನಿಗೆ ಹೆಸರಿದೆ, ಅವನ ಬಾಸಿಗೆ ಹೆಸರಿದೆ, ಜೊತೆಗೆ ಕಾರಿನಲ್ಲಿ ಹೋಗುವ ಸ್ನೇಹಿತನಿಗೆ ಹೆಸರಿದೆ. ಹೆಂಡತಿ ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ‘ಇವಳು’. ಪ್ರತಾಪ ಕರೆಯುವಾಗ ‘ಇವಳೇ’. ಭಾವನಾ ನಾಟಕಕ್ಕಾಗಿ ಪಾತ್ರಗಳ ಪಟ್ಟಿ ಮಾಡಲು ಕೂತಾಗಲೇ ಅವಳಿಗೆ ಅದು ಹೊಳೆದದ್ದಂತೆ. ನನ್ನೆದುರು ಪುಸ್ತಕ ತಿರುವುತ್ತಾ ಅಂದಳು:

“ಆಂಟಿ, ಪಕ್ಕದ ಮನೆ ನಾಯಿಗೂ ಹೆಸರಿದೆ. ರಸ್ಟಿ ಅಂತ.”

ನಾನು ನಕ್ಕೆ. ಅವಳು ನಗಲಿಲ್ಲ.

ನೀವು ನನ್ನನ್ನು ಕರೆಯುತ್ತಿದ್ದದ್ದೂ ‘ಇವಳೇ’ ಎಂದೇ ಅಲ್ಲವೇ? ಮೈತ್ರಿ ಕಿಂಡರ್‌ಗಾರ್ಟನ್‌ಗೆ ಸೇರಿದಾಗ ಟೀಚರ್ ಅಮ್ಮನ ಹೆಸರು ಕೇಳಿದ್ದಕ್ಕೆ ‘ಇವಳೇ’ ಎಂದು ಹೇಳಿ ಬಂದಿದ್ದಳು. ಅವರು ಮಿಸೆಸ್ ಇವಳೇ ಎಂದು ಬರೆದು ಚೀಟಿ ಕಳಿಸಿದ್ದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಸುಳ್ಳಲ್ಲ. ನಮ್ಮ ಮನೆ ನಿಮ್ಮ ಕಾದಂಬರಿಯ ಮನೆಯಷ್ಟು ತಣ್ಣಗಿರಲಿಲ್ಲ.

ಪುಸ್ತಕ ಅಚ್ಚಾಗಿ ಬಂದಾಗ ನಾನು ಕೇಳಿದ್ದೆ, ಹೆಂಡತಿಗೆ ಯಾಕೆ ಹೆಸರಿಲ್ಲ ಎಂದು. ನೀವು ಹೇಳಿದ ಉತ್ತರ ನೆನಪಿದೆಯೇ? ಯಾವ ಹೆಸರಿಟ್ಟರೂ ಜನ ಅದು ನೀನೇ ಅಂತ ಹುಡುಕಿಕೊಂಡು ಬರುತ್ತಾರೆ, ಹೆಸರೇ ಇಲ್ಲದಿದ್ದರೆ ನಿನ್ನ ಮರ್ಯಾದೆಗೆ ಕ್ಷೇಮ ಅಂದಿರಿ. ನಾನು ನಂಬಿದೆ. ಆಗಿದ್ದು ಅದಕ್ಕೆ ತದ್ವಿರುದ್ಧ. ಖಾಲಿ ಜಾಗ ಇತ್ತು, ಎಲ್ಲರೂ ಅಲ್ಲಿ ನನ್ನನ್ನು ತಂದು ಕೂರಿಸಿದರು.

ರಿಹರ್ಸಲ್ ಶುರುವಾದ ಮೇಲೆ ಕಷ್ಟ ಎದುರಾಯಿತು. ಪ್ರತಾಪನ ಪಾತ್ರಕ್ಕೆ ಅಖಿಲ್ ಎಂಬ ಬೆಂಗಳೂರಿನ ಹುಡುಗ, ಹೆಂಡತಿಯ ಪಾತ್ರಕ್ಕೆ ಮಂಗಳೂರಿನ ಸೋನಿಯಾ. ಪುಸ್ತಕದಲ್ಲಿ ‘ಇವಳು’ ಎಂದು ನಡೆದುಹೋಗುತ್ತದೆ. ರಂಗದ ಮೇಲೆ ಒಬ್ಬ ಮನುಷ್ಯ ಇನ್ನೊಬ್ಬರನ್ನು ಕೂಗಿ ಕರೆಯಲೇಬೇಕು. ಅಖಿಲ್ ‘ಇವಳೇ’ ಎಂದು ಕೂಗಿದಾಗಲೆಲ್ಲ ಅಲ್ಲಿದ್ದವರು ಕಿಸಕ್ಕನೆ ನಗುತ್ತಿದ್ದರು. ಭಾವನಾ ಬಂದು, ನಿಮ್ಮ ಹೆಸರೇ ಇಡಲಾ ಆಂಟಿ, ನಿಮಗೆ ನ್ಯಾಯ ಸಿಕ್ಕಿದ ಹಾಗಾಗುತ್ತೆ ಅಂದಳು. ಖಂಡಿತ ಕೂಡದು ಎಂದೆ. ಕೆರೆಗೆ ಬಿದ್ದವಳಿಗೆ ನನ್ನ ಹೆಸರು ಯಾಕೆ? ನನ್ನನ್ನು ಇದರಲ್ಲಿ ಎಳೆಯಬೇಡ, ನಾನು ಚಿತ್ರಾನ್ನ ಮಾಡಿಕೊಂಡು ಬಂದು ನಿಮಗೆಲ್ಲ ಬಡಿಸುತ್ತೇನೆ, ಅಷ್ಟು ಸಾಕು ಅಂದೆ. ಅಲ್ಲಿಗೆ ಆ ಮಾತು ನಿಂತಿತ್ತು.

ಅದನ್ನು ಮತ್ತೆ ಎಬ್ಬಿಸಿದವಳು ನಿಮ್ಮ ಮಗಳು. ಬಯಸಿ ಅಲ್ಲ.

ನನ್ನ ಕಣ್ಣಿನ ಆಪರೇಷನ್ ಆದಮೇಲೆ ಕತ್ತಲಾದರೆ ನಾನು ಡ್ರೈವ್ ಮಾಡುವುದಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಸಂಜೆ ಮೈತ್ರಿ ಆಫೀಸಿನಿಂದ ನೇರ ರಿಹರ್ಸಲ್‌ಗೆ ಬಂದಳು, ನನ್ನನ್ನು ಮನೆಗೆ ಬಿಡಲು. ಆಗ ಕೊನೆಯ ದೃಶ್ಯ ನಡೆಯುತ್ತಿತ್ತು. ಸೋನಿಯಾ ಚಪ್ಪಲಿ ಬಿಟ್ಟು, ನೆಲದ ಮೇಲೆ ಹಾಸಿದ ನೀಲಿ ಬಟ್ಟೆಯ ಕಡೆ ನಡೆದಳು. ಪಕ್ಕದಲ್ಲಿದ್ದ ಮೈತ್ರಿ ಎದ್ದು ಹೊರಗೆ ಹೋದಳು. ಫೋನ್ ಬಂದಿರಬೇಕು ಅಂದುಕೊಂಡೆ. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಸ್ಟಿಯರಿಂಗ್ ಹಿಡಿದು ಕೂತಿದ್ದಾಳೆ, ಎಂಜಿನ್ ಆಫ್.

ಅವಳು ಇಂಗ್ಲಿಷಿನಲ್ಲೇ ಹೇಳಿದಳು, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಚಿಕ್ಕವಳಿದ್ದಾಗ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಯಾವುದೋ ಮಗು, ನಿಮ್ಮಪ್ಪನ ಬುಕ್ಕಿನಲ್ಲಿ ನಿಮ್ಮಮ್ಮ ಕೆರೆಗೆ ಬಿದ್ದು ಸಾಯ್ತಾಳಂತೆ ಎಂದಿತಂತೆ. ಇವಳು ಮನೆಗೆ ಬಂದು ನಿಮ್ಮನ್ನು ಕೇಳಿದ್ದಾಳೆ. ನೀವು ಅದು ಬರೀ ಕಥೆ ಪುಟ್ಟಾ ಅಂದಿದ್ದೀರಿ. ಅದು ಅಮ್ಮ ಅಲ್ಲ ಎಂದು ಹೇಳಲಿಲ್ಲ. ಅವಳು ಕಾದಳಂತೆ, ಹೇಳುತ್ತೀರೇನೋ ಅಂತ. ನೀವು ಪೇಪರ್ ಓದಲು ಶುರುಮಾಡಿದಿರಂತೆ.

ಆಮೇಲೆ ಮಲಗುವ ಮುಂಚೆ ದಿನವೂ ನನ್ನ ವಾಕಿಂಗ್ ಶೂ ತೆಗೆದುಕೊಂಡು ಹೋಗಿ ತನ್ನ ಮಂಚದ ಕೆಳಗೆ ಬಚ್ಚಿಟ್ಟಿದ್ದಾಳೆ. ನಿಮಗೆ ನೆನಪಿರಬೇಕು, ಬೆಳಗಾದರೆ ನಾನು ಶೂ ಹುಡುಕುತ್ತಾ ಮನೆಯೆಲ್ಲ ಸುತ್ತುತ್ತಿದ್ದೆ, ಎಲ್ಲೋ ಬಿಟ್ಟು ಮರೆಯುತ್ತೀಯ ಎಂದು ನೀವು ಬೈಯುತ್ತಿದ್ದಿರಿ. ಶೂ ಇಲ್ಲದಿದ್ದರೆ ಅಮ್ಮ ಕೆರೆಗೆ ಹೋಗುವುದಿಲ್ಲ ಎಂದು ಆ ಪುಟ್ಟ ತಲೆಯ ಲೆಕ್ಕ. ನೀವು ಮೈಸೂರಿಗೆ ಹೋದ ವರ್ಷ ಇನ್ನೂ ಹೆಚ್ಚಾಯಿತಂತೆ. ಕಾರಿನ ಕೀಲಿಯನ್ನೂ ತೆಗೆದಿಡುತ್ತಿದ್ದಳಂತೆ. ಒಬ್ಬರಿಗೂ ಬಾಯಿ ಬಿಟ್ಟು ಹೇಳಿಕೊಳ್ಳಲಿಲ್ಲ, ಯಾರಿಗೆ ಹೇಳುತ್ತಾಳೆ?

ಒಂದೇ ಒಂದು ಮಾತು ಕನ್ನಡದಲ್ಲಿ ಹೇಳಿದಳು. ಅದನ್ನು ಹಾಗೇ ಬರೆಯುತ್ತೇನೆ.

“ಅಮ್ಮಾ, ಆ ಬುಕ್ಕಲ್ಲಿ ಅವಳಿಗೆ ಬೇರೆ ಹೆಸರಿದ್ದಿದ್ರೆ ನಾನು ನಿನ್ನ ಶೂ ಬಚ್ಚಿಡ್ತಾನೇ ಇರ್ಲಿಲ್ಲ.”

ನಾನು ಆ ಕಾರಿನಲ್ಲಿ ಕೂತು ಅವಳಿಗೆ ಕೆರೆಯ ಕಥೆ ಹೇಳಿದೆ. ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ ಮರುದಿನ ಬೆಳಗ್ಗೆ, ನೀವು ಏಳುವ ಮುಂಚೆ, ಮೊದಲ ಸಲ ಒಬ್ಬಳೇ ಕಾರು ಹೊರಗೆ ತೆಗೆದೆ. ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಿರಲಿಲ್ಲ. ಸಿಲ್ವರ್ ಲೇಕ್ ಕಡೆ ತಿರುಗಿದೆ. ಚಪ್ಪಲಿ ಬಿಟ್ಟು ನೀರಿನಲ್ಲಿ ಕಾಲಿಟ್ಟೆ. ಮೈ ಜುಮ್ಮೆನ್ನುವಷ್ಟು ತಣ್ಣಗಿತ್ತು, ಕಿರುಚಿಬಿಟ್ಟೆ. ಪಕ್ಕದಲ್ಲಿ ಮೀನು ಹಿಡಿಯುತ್ತಿದ್ದ ಮುದುಕ ಜೋರಾಗಿ ನಕ್ಕ. ನಾನೂ ನಕ್ಕೆ. ಆಮೇಲೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ, ನಿಮಗೆ ಉಪ್ಪಿಟ್ಟು ಮಾಡುತ್ತಾ ಎಲ್ಲ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಖುಷಿಯ ಬೆಳಗುಗಳು ಹೆಚ್ಚಿಲ್ಲ. ನೀವು ಆ ಕೆರೆ ತೆಗೆದುಕೊಂಡಿರಿ, ಚಪ್ಪಲಿ ತೆಗೆದುಕೊಂಡಿರಿ. ವಾಪಸ್ ಬಂದವಳನ್ನು ಬಿಟ್ಟಿರಿ. ಅವಳಿಂದ ಕಥೆಯಾಗುವುದಿಲ್ಲ ಅನ್ನಿಸಿರಬಹುದು.

ಮೈತ್ರಿ ಆ ಮುದುಕನಿಗೆ ಮೀನು ಸಿಕ್ಕಿತ್ತಾ ಎಂದು ಕೇಳಿದಳು. ನೋಡಲಿಲ್ಲ ಕಣೇ ಎಂದೆ.

ಮರುದಿನ ಬೆಳಗ್ಗೆಯೇ ಭಾವನಾಗೆ ಕಾಲ್ ಮಾಡಿ, ಆ ಹೆಂಗಸಿನ ಹೆಸರು ವಸಂತಲಕ್ಷ್ಮಿ, ಬರೆದುಕೋ ಎಂದೆ. ನಿಮ್ಮ ಕಡೆಯಲ್ಲೂ ನನ್ನ ಕಡೆಯಲ್ಲೂ ಯಾರಿಗೂ ಇಲ್ಲದ ಹೆಸರು ಬೇಕೆಂದು ಅತ್ತೆಯರು, ಚಿಕ್ಕಮ್ಮಂದಿರು, ಅವರ ನಾದಿನಿಯರು ಎಲ್ಲರನ್ನೂ ನೆನೆಸಿಕೊಂಡು ಆರಿಸಿದೆ. ಹೆಸರು ಬಂದದ್ದೇ ರಿಹರ್ಸಲ್‌ನ ಚಹರೆ ಬದಲಾಯಿತು. ಸೋನಿಯಾ ವಸಂತಲಕ್ಷ್ಮಿ ಎಲ್ಲಿ ಹುಟ್ಟಿದವಳು, ಎಲ್ಲಿವರೆಗೆ ಓದಿದವಳು ಎಂದು ನನ್ನನ್ನು ಕೇಳತೊಡಗಿದಳು. ಅಖಿಲ್‌ನ ದನಿಯಲ್ಲಿ ಗಂಡನ ದನಿ ಬಂತು. ಅಲ್ಲಿಯವರೆಗೆ ಅವನು ಹೋಟೆಲಿನಲ್ಲಿ ಮಾಣಿಯನ್ನು ಕರೆದ ಹಾಗೆ ಕರೆಯುತ್ತಿದ್ದ.

ಅಷ್ಟರಲ್ಲಿ ಆ ಹೆಸರಿದ್ದ ಪೋಸ್ಟರಿನ ಫೋಟೋ ವಾಟ್ಸಾಪಿನಲ್ಲಿ ಸುತ್ತಿ ಮೈಸೂರು ತಲುಪಿತು. ಪ್ರದರ್ಶನದ ವಾರದಲ್ಲೇ ನಿಮ್ಮ ಈಮೇಲ್ ಬಂತು. ಹೆಸರು ತೆಗೆಯದಿದ್ದರೆ ಒಪ್ಪಿಗೆ ವಾಪಸ್. ಅವಳಿಗೆ ಹೆಸರಿಲ್ಲದಿರುವುದೇ ಕೃತಿಯ ಜೀವ, ಹೆಸರಿಲ್ಲದ್ದರಿಂದಲೇ ಅವಳು ಎಲ್ಲ ಹೆಂಗಸರೂ ಆಗಿದ್ದಾಳೆ, ಹೆಸರಿಟ್ಟರೆ ಬರೀ ಒಬ್ಬ ಹೆಂಗಸಾಗಿಬಿಡುತ್ತಾಳೆ ಎಂದು ಬರೆದಿದ್ದೀರಿ. ಭಾವನಾ ನನಗೆ ಓದಿ ಹೇಳಿದಳು. ಅವಳು ನಿಮ್ಮ ಅಭಿಮಾನಿ ಅನ್ನುವುದನ್ನು ಮರೆಯಬೇಡಿ.

ನನಗೆ ಹೇಳಿದ್ದು ಮರ್ಯಾದೆಯ ಕಾರಣ, ಅವಳಿಗೆ ಹೇಳಿದ್ದು ಕಲೆಯ ಕಾರಣ. ಎರಡರಲ್ಲಿ ಯಾವುದು ನಿಜ ಅಂತ ನಾನು ಕೇಳುವುದಿಲ್ಲ. ಒಂದು ಮಾತ್ರ ಕೇಳುತ್ತೇನೆ. ಹೆಂಡತಿ ಎಲ್ಲ ಹೆಂಗಸರೂ ಆಗಬೇಕಾದರೆ ಹೆಸರು ಕಳೆದುಕೊಳ್ಳಬೇಕು, ಸರಿ. ಪ್ರತಾಪ ಎಲ್ಲ ಗಂಡಸರೂ ಆಗುವುದು ಬೇಡವಾಗಿತ್ತೇ? ಅವನು ಮಾತ್ರ ಎಂಜಿನಿಯರ್ ಪ್ರತಾಪನಾಗಿ, ಸಕ್ಕರೆ ಕಡಿಮೆ ಕಾಫಿ ಕುಡಿಯುವ, ಎಡಗಿವಿ ಸ್ವಲ್ಪ ಮಂದವಾದ ಪ್ರತಾಪನಾಗಿ ಯಾಕೆ ಉಳಿದ? ಬರೀ ಒಬ್ಬ ಹೆಂಗಸಾಗಿಬಿಡುತ್ತಾಳೆ ಎಂದು ನಿಮಗೆ ಭಯ. ಆಗಲಿ ಬಿಡಿ. ಒಬ್ಬ ಹೆಂಗಸಾಗುವುದು ಕಡಿಮೆ ಮಾತಲ್ಲ. ನಾನು ಇಷ್ಟು ವರ್ಷ ಅದೇ ಕೆಲಸದಲ್ಲಿದ್ದೇನೆ.

ಸಂಘದ ಅಧ್ಯಕ್ಷ ಸುರೇಶ್ ಒಳ್ಳೆಯವನು, ಸ್ವಲ್ಪ ಪುಕ್ಕಲು. ಹಿರಿಯ ಲೇಖಕರ ಮನಸ್ಸು ನೋಯಿಸುವುದು ಬೇಡ, ಹಾಲ್ ಬುಕ್ ಆಗಿದೆ, ಟಿಕೆಟ್ ಹೋಗಿದೆ, ಹೆಸರು ತೆಗೆದುಬಿಡೋಣ ಎಂದು ತೀರ್ಮಾನ ಮಾಡಿದ. ಎಲ್ಲರೂ ತಲೆಯಾಡಿಸಿದರು. ಭಾವನಾ ಸ್ಕ್ರಿಪ್ಟಿನಲ್ಲಿ ವಸಂತಲಕ್ಷ್ಮಿ ಇದ್ದ ಕಡೆಯಲ್ಲೆಲ್ಲ ಮತ್ತೆ ‘ಇವಳೇ’ ಎಂದು ಟೈಪ್ ಮಾಡಿದಳು. ಮಾಡಿ, ನನ್ನ ಅಡುಗೆಮನೆಗೆ ಬಂದು ಕೂತಳು. ಅಳಲಿಲ್ಲ. ಸಾರಿ ಆಂಟಿ ಅಂದಳು, ಹುಳಿಯನ್ನ ತಿಂದಳು, ಹೋದಳು.

ಅವಳಿಗೆ ನಾನು ಏನೂ ಹೇಳಲಿಲ್ಲ. ಅವಳಿಗೆ ಗೊತ್ತಿದ್ದರೆ ನಿಮಗೆ ಕೊಟ್ಟ ಮಾತು ತಪ್ಪಿದಂತಾಗುತ್ತಿತ್ತು. ಅಖಿಲ್‌ಗೂ ಹೇಳಲಿಲ್ಲ. ಸೋನಿಯಾಗೆ ಮಾತ್ರ ಫೋನ್ ಮಾಡಿದೆ. ಪ್ರತಾಪ ಕೆಲಸದಿಂದ ಬಂದು ಕಾಫಿ ಕೇಳುವ ದೃಶ್ಯದಲ್ಲಿ ನೀನು ಕಿಟಕಿಯ ಕಡೆ ಮುಖ ಮಾಡಿ ನಿಂತಿರುತ್ತೀಯಲ್ಲ, ಅವನು ಹೆಸರು ಹಿಡಿದು ಕರೆಯುವವರೆಗೆ ತಿರುಗಬೇಡ ಎಂದೆ. ಅವಳು ಸ್ವಲ್ಪ ಯೋಚಿಸಿದಳು. ಅಖಿಲ್ ಪಾಪ ಆಂಟಿ ಎಂದಳು. ಆಮೇಲೆ, “ನೀವು ಚಿಂತೆ ಮಾಡ್ಬೇಡಿ. ಅವ ಕರೆಯುವವರೆಗೆ ನಾನು ತಿರುಗುದೇ ಇಲ್ಲ” ಎಂದಳು.

ನಿನ್ನೆ ಹಾಲ್ ತುಂಬಿತ್ತು. ನಾನೂ ಮೈತ್ರಿಯೂ ಮುಂದಿನ ಸಾಲುಗಳಲ್ಲೇ ಕೂತಿದ್ದೆವು. ಆ ದೃಶ್ಯ ಬಂತು. ಅಖಿಲ್ ಟೋಪಿ ತೆಗೆದಿಟ್ಟು, ಕುರ್ಚಿ ಎಳೆದುಕೊಂಡು, ಇವಳೇ, ಕಾಫಿ ಎಂದ. ಸೋನಿಯಾ ಅಲುಗಲಿಲ್ಲ. ಮರೆತಳೇನೋ ಎಂದುಕೊಂಡು ಅವನು ಇನ್ನೊಂದು ಸಲ ಕರೆದ, ಸ್ವಲ್ಪ ಜೋರಾಗಿ. ಇಲ್ಲ. ಬೆನ್ನು ನೆಟ್ಟಗೆ, ಜಡೆ ಕೂಡ ಅಲುಗಲಿಲ್ಲ. ಪರದೆಯ ಸಂದಿಯಿಂದ ಭಾವನಾಳ ಮುಖ ಕಂಡಿತು, ಬಿಳುಚಿಕೊಂಡಿತ್ತು. ಅಖಿಲ್ ಎದ್ದು ನಿಂತ, ಕೂತ, ಮತ್ತೆ ಎದ್ದ. ಜನ ಮೊದಲು ನಕ್ಕರು, ಆಮೇಲೆ ನಗು ತಾನಾಗಿಯೇ ನಿಂತುಹೋಯಿತು. ಇಡೀ ಹಾಲ್ ಅವಳ ಬೆನ್ನನ್ನೇ ನೋಡುತ್ತಿತ್ತು. ಒಬ್ಬ ಗಂಡ ತನ್ನ ಹೆಂಡತಿಯನ್ನು ಏನೆಂದು ಕರೆಯಬೇಕೆಂದು ಗೊತ್ತಾಗದೆ ನಿಂತಿದ್ದಾನೆ ಅಷ್ಟೇ, ಆದರೆ ಎದುರಿಗೆ ಕೂತು ನೋಡಿದರೆ ಅದು ಸಣ್ಣದಾಗಿ ಕಾಣುವುದಿಲ್ಲ. ಕೊನೆಗೆ ಅವನು ಎರಡು ಹೆಜ್ಜೆ ಮುಂದೆ ಬಂದು, ಮೆತ್ತಗೆ, ಕೇಳಿಕೊಳ್ಳುವ ದನಿಯಲ್ಲಿ ಅಂದ.

“ವಸಂತಲಕ್ಷ್ಮೀ.”

ಸೋನಿಯಾ ತಿರುಗಿದಳು. ಹೂಂ, ಹೇಳಿ ಎಂದಳು. ಆ ಹೂಂ ನಿಮ್ಮ ಪುಸ್ತಕದಲ್ಲಿಲ್ಲ, ಸ್ಕ್ರಿಪ್ಟಿನಲ್ಲೂ ಇಲ್ಲ. ಜನ ಚಪ್ಪಾಳೆ ತಟ್ಟಿದರು, ದೃಶ್ಯದ ನಡುವೆಯೇ.

ಕೊನೆಯ ದೃಶ್ಯವನ್ನು ನೀವು ಬರೆದಂತೆಯೇ ಆಡಿದರು. ಅದನ್ನು ಬದಲಿಸಲು ನಾನು ಹೇಳಲಿಲ್ಲ. ವಸಂತಲಕ್ಷ್ಮಿ ಚಪ್ಪಲಿ ಬಿಟ್ಟು ನೀರಿಗಿಳಿದಳು. ಮೈತ್ರಿ ಈ ಸಲ ಎದ್ದು ಹೋಗಲಿಲ್ಲ. ಪೂರ್ತಿ ನೋಡಿದಳು. ಕಣ್ಣೊರೆಸಿಕೊಂಡಳು, ಪಾಪ ಎಂದಳು. ಸಿನಿಮಾದಲ್ಲಿ ಯಾರೋ ಸತ್ತರೆ ಅನ್ನುತ್ತೇವಲ್ಲ, ಹಾಗೆ. ಅದು ಕೇಳಿ ನನ್ನ ಎದೆಯ ಭಾರ ಇಳಿಯಿತು.

ಆಟ ಮುಗಿದ ಮೇಲೆ ಹೊರಗೆ ಯಾರೂ ನನ್ನ ಕೈ ಹಿಡಿದು ಹೇಗಿದೀರಿ ಎಂದು ಕೇಳಲಿಲ್ಲ. ಎಲ್ಲರೂ ಸೋನಿಯಾಳನ್ನು ಮುತ್ತಿಕೊಂಡಿದ್ದರು. ಮಗನ ಮನೆಗೆ ಬಂದಿರುವ ಒಬ್ಬ ಹಿರಿಯ ಹೆಂಗಸು ನನ್ನ ಪಕ್ಕ ನಿಂತು, ಆ ಕಾಲದಲ್ಲಿ ಇಲ್ಲಿ ನಿಜವಾಗಿ ಒಬ್ಬ ವಸಂತಲಕ್ಷ್ಮಿ ಇದ್ದಳೇನಮ್ಮ, ಎಷ್ಟು ಕಷ್ಟಪಟ್ಟಿತೋ ಜೀವ ಎಂದರು. ಇದ್ದಿರಬಹುದು, ನನಗೆ ಪರಿಚಯವಿರಲಿಲ್ಲ ಎಂದೆ.

ಇನ್ನು ನೀವು ಏನು ಮಾಡುತ್ತೀರೋ ಮಾಡಿ. ಒಪ್ಪಿಗೆ ವಾಪಸ್ ತೆಗೆದುಕೊಳ್ಳಿ, ಪತ್ರಿಕೆಗೆ ಬರೆಯಿರಿ. ಕೇಸು ಹಾಕುವುದಾದರೆ ಭಾವನಾ ಮೇಲೆ ಬೇಡ, ಸಂಘದ ಮೇಲೆ ಬೇಡ, ನನ್ನ ಹೆಸರಿಗೆ ಹಾಕಿ. ಅರ್ಜಿಯಲ್ಲಿ ‘ಇವಳು’ ಎಂದು ಬರೆದರೆ ಕೋರ್ಟಿನವರು ತೆಗೆದುಕೊಳ್ಳುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಅವಳು ಹೇಗಿದ್ದಾಳೋ ಹಾಗೇ ಇರಲಿ, ಅದು ನಿಮ್ಮದು, ಅದರ ಮೇಲೆ ನನಗೆ ಆಸೆಯಿಲ್ಲ. ಆದರೆ ಇನ್ನು ಮುಂದೆ ಈ ಊರಿನಲ್ಲಿ ಅವಳು ವಸಂತಲಕ್ಷ್ಮಿ, ನಾನು ನಾನು. ಹಾಲಿನಲ್ಲಿದ್ದ ಅಷ್ಟು ಜನರ ಬಾಯಿಂದ ಆ ಹೆಸರನ್ನು ವಾಪಸ್ ತೆಗೆಯಲು ನಿಮ್ಮಿಂದಾಗುವುದಿಲ್ಲ.

ಒಂದು ಕೆಲಸ ಮಾತ್ರ ನಿಮ್ಮಿಂದ ಆಗಬೇಕು. ಇದು ಬೇಡಿಕೆಯಲ್ಲ, ಮಾಡಿ ಎಂದು ಹೇಳುತ್ತಿದ್ದೇನೆ. ಮೈತ್ರಿಗೆ ಫೋನ್ ಮಾಡಿ. ಹಬ್ಬದ ಶುಭಾಶಯ, ಹವಾಮಾನ, ಮೊಣಕಾಲು ನೋವು ಇವೆಲ್ಲ ಆಮೇಲೆ. ಮೊದಲು, ಅದು ನಿನ್ನ ಅಮ್ಮ ಅಲ್ಲ ಎಂದು ಹೇಳಿ. ಅವಳು ನಿಮ್ಮ ಬಾಯಿಂದಲೇ ಅದನ್ನು ಕೇಳಬೇಕು ಎಂದು ಚಿಕ್ಕಂದಿನಿಂದ ಕಾದಿದ್ದಾಳೆ. ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ನೀವು ಕನ್ನಡದಲ್ಲೇ ಹೇಳಿ. ಅವಳಿಗೆ ಪೂರ್ತಿ ಅರ್ಥವಾಗುತ್ತದೆ.

ಆರೋಗ್ಯ ನೋಡಿಕೊಳ್ಳಿ. ಚಳಿಗೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಹೊರಗೆ ಹೋಗಿ.

ಯಾರ ಕಾದಂಬರಿಯಲ್ಲೂ ಇಲ್ಲದ,
ಕಮಲಾಕ್ಷಿ

ತಾ.ಕ.: ಇದನ್ನು ಬರೆಯುವುದೋ ಬೇಡವೋ ಎಂದು ಪತ್ರ ಮಡಿಸಿದ ಮೇಲೂ ಯೋಚಿಸಿದೆ. ನಿನ್ನೆ ಅಖಿಲ್ ಮೊದಲ ಸಲ ‘ಇವಳೇ’ ಎಂದು ಕರೆದಾಗ, ಕತ್ತಲಲ್ಲಿ ಕೂತಿದ್ದ ನಾನು ‘ಹಾಂ, ಬಂದೆ’ ಅಂದುಬಿಟ್ಟೆ. ಬಾಯಿಂದ ತಾನಾಗಿಯೇ ಬಂತು, ಸೀಟಿನಿಂದ ಅರ್ಧ ಎದ್ದೂ ಇದ್ದೆ. ಮೈತ್ರಿ ನನ್ನ ಸೆರಗು ಹಿಡಿದು ಕೂರಿಸಿದಳು. ಎರಡನೇ ಸಲ ಅವನು ಕರೆದಾಗ ಸೋನಿಯಾ ಅಲ್ಲಿ ಸುಮ್ಮನೆ ನಿಂತಿದ್ದಳು, ನಾನು ಇಲ್ಲಿ ಸುಮ್ಮನೆ ಕೂತೆ.